18 ತುಂಬಿದ ಅಳಿಯನಿಗೆ

ನೀರ್ಚಾಲು

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಅಪ್ಪ ಕಾರು ಬುಕ್ ಮಾಡಿದ್ದಾನಂತೆ. ಅಮ್ಮ ಮಂಗಳೂರಿನ ಫ್ಲ್ಯಾಟ್ ನಿನ್ನ ಹೆಸರಿಗೆ ಮಾಡುತ್ತಾಳಂತೆ. ಇಬ್ಬರಿಗೂ ನೀನೆಂದರೆ ಪ್ರಾಣ. ಆದರೆ ಇಬ್ಬರೂ ಕೊಡುವಾಗ ಇನ್ನೊಬ್ಬರು ಏನು ಕೊಟ್ಟರು ಅಂತ ಕೇಳುತ್ತಾರೆ, ಅಲ್ವಾ? ಅದಕ್ಕೇ ಈ ಪತ್ರ.

ಅವರ ಡಿವೋರ್ಸ್ ಆದ ಮೇಲೆ ನೀನು ಯಾರ ಮನೆಯಲ್ಲಿರಬೇಕು, ತಿಂಗಳ ಖರ್ಚಿಗೆ ಎಷ್ಟು ಅಂತ ಇಷ್ಟು ದಿನ ಕೋರ್ಟು ಹೇಳುತ್ತಿತ್ತು. 18 ತುಂಬಿದ ಮೇಲೆ ಅದು ಮುಗಿಯಿತು. ಇನ್ನು ಹಣ ನೇರ ನಿನ್ನ ಕೈಗೆ ಬರುತ್ತದೆ, ಹಿಂದೆಯೇ ಮಾತೂ ಬರುತ್ತದೆ. ‘ಅಮ್ಮನಿಗೆ ಹೇಳು’, ‘ಅಪ್ಪನನ್ನು ಕೇಳು’. ಫೀಸು ತೆಗೆದುಕೋ, ಸಂಕೋಚ ಬೇಡ. ಮಾತು ಮಾತ್ರ ಹೊರಬೇಡ. ‘ನೀವೇ ಫೋನ್ ಮಾಡಿ’ ಅನ್ನು. ಒಂದೆರಡು ಸಲ ಸಿಟ್ಟಾಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಹೋದ ವರ್ಷ ಮದುವೆಯಲ್ಲಿ ಫೋಟೋಕ್ಕೆ ಕರೆದಾಗ ನಿನ್ನನ್ನು ನೋಡುತ್ತಿದ್ದೆ. ಅಪ್ಪ ಸ್ಟೇಜಿನ ಈಚೆ, ಅಮ್ಮ ಆಚೆ. ನೀನು ಊಟದ ಚಪ್ಪರಕ್ಕೆ ಓಡಿ ಸಾರಿನ ಬಕೆಟ್ ಹಿಡಿದೆ. ಬಡಿಸುವವರು ಬೇಕಾದಷ್ಟು ಜನ ಇದ್ದರು. ಇನ್ನು ಹಾಗೆ ಓಡಬೇಡ ಮಗಾ. ಅಪ್ಪನ ಪಕ್ಕ ನಿಂತು ಒಂದು ಫೋಟೋ ತೆಗೆಸು, ಅಮ್ಮನ ಪಕ್ಕ ಒಂದು. ನೋಡುವವರು ನೋಡಲಿ.

ಈಗ ಪೆರ್ಲದ ತೋಟದ ವಿಷಯ. ಅದು ನಿನ್ನ ಹೆಸರಿನಲ್ಲಿದೆ. ನೀನು ಚಿಕ್ಕವನಿದ್ದಾಗ ಅದನ್ನು ಮಾರಬೇಕಾದರೆ ಅಪ್ಪನಿಗೂ ಕೋರ್ಟಿನ ಅನುಮತಿ ಬೇಕಿತ್ತು. 1956ರ ಕಾನೂನೇ ಹಾಗಿದೆ. ಈಗ ಆ ಕಾವಲು ಇಲ್ಲ, ನಿನ್ನ ಒಂದು ಸಹಿ ಸಾಕು. ಪವರ್ ಆಫ್ ಅಟಾರ್ನಿ, ಅಂದರೆ ನಿನ್ನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಬರೆದುಕೊಡು ಅಂತ ಅಪ್ಪ ಕೇಳಿದ್ದಾನೆ ಅಂದೆಯಲ್ಲ? ಅಡಿಕೆ ಕೊಯ್ಯಿಸಲು, ಮದ್ದು ಬಿಡಿಸಲು ಅದು ಬೇಕಾಗಿಲ್ಲ. ಮಾರುವ, ಸಾಲಕ್ಕೆ ಅಡವಿಡುವ ಅಧಿಕಾರವೂ ಅದರಲ್ಲಿ ಸೇರಿದೆಯೋ ನೋಡು. ಅವನು ನನ್ನ ತಮ್ಮ, ಮೋಸ ಮಾಡುವವನಲ್ಲ. ಆದರೆ ವ್ಯಾಪಾರದಲ್ಲಿರುವವನಿಗೆ ಯಾವಾಗ ಏನು ಕಷ್ಟ ಬರುತ್ತದೋ ಯಾರಿಗೆ ಗೊತ್ತು? ನಮ್ಮ ಕಾಸರಗೋಡು ಕೇರಳದಲ್ಲಿರುವುದರಿಂದ ಕಾಗದಪತ್ರ ಜಾಸ್ತಿ ಮಲಯಾಳದಲ್ಲೇ. ನಿನಗೆ ಮಾತು ಬರುತ್ತದೆ, ಓದಲು ತಡವರಿಸುತ್ತೀ. ಪೂರ್ತಿ ಓದಿಸಿಕೊಳ್ಳದೆ ಸಹಿ ಹಾಕಲೇಬೇಡ. ಅಮ್ಮನ ಫ್ಲ್ಯಾಟಿನ ಕಾಗದಕ್ಕೂ ಇದೇ ಮಾತು.

ಡಿವೋರ್ಸ್ ಆದದ್ದು ಅವರಿಬ್ಬರಿಗೆ. ಕಾನೂನಿನಲ್ಲೂ ನೀನು ಇಬ್ಬರಿಗೂ ವಾರಸುದಾರನೇ. ಸ್ವಂತ ಸಂಪಾದನೆಯನ್ನು ಅವರು ಬೇಕಾದವರಿಗೆ ಉಯಿಲು ಬರೆಯಬಹುದು, ಅದು ಅವರಿಷ್ಟ. ಆ ಹೆದರಿಕೆಯಲ್ಲಿ ಒಬ್ಬರ ಪಕ್ಷ ಸೇರಿ ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತದೆ ಇರಬೇಡ. ನಿನಗೆ ಓದು ಇದೆ, ಕೈಕಾಲು ಗಟ್ಟಿ ಇದೆ.

ಚೌತಿಗೆ ರಜೆ ಸಿಕ್ಕಿದರೆ ಬಾ. ತೋಟದ ಆಧಾರದ (ಜಾಗದ ದಸ್ತಾವೇಜಿನ) ಜೆರಾಕ್ಸ್, ಅಪ್ಪ ಕಳಿಸಿದ ಕಾಗದ ಎರಡನ್ನೂ ತಾ. ಮಾವ ಓದಿ ಹೇಳುತ್ತಾರೆ. ಆಮೇಲೆ ಕಾಸರಗೋಡಿಗೆ ಹೋಗಿ ವಕೀಲರಿಗೂ ತೋರಿಸೋಣ. ಅಲ್ಲಿಯವರೆಗೆ ಯಾರು ಅವಸರ ಮಾಡಿದರೂ ‘ಅತ್ತೆ ನೋಡಬೇಕಂತೆ’ ಅಂತ ನನ್ನ ಹೆಸರು ಹೇಳು.

ಇತಿ,
ನಿನ್ನ ಅತ್ತೆ