ಶಾಸಕರೇ, ನಮ್ಮೂರಿಗೆ ಒಂಬತ್ತನೇ ತರಗತಿ ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ನಮ್ಮೂರ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಹನ್ನೊಂದು ಕಿಲೋಮೀಟರ್ ದೂರ. ಐದು ಕಿಲೋಮೀಟರಿನೊಳಗೆ ಹೈಸ್ಕೂಲು ಇರಬೇಕು ಅನ್ನೋದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಇನ್ನು ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಚಾಪುಡಿ, ಸಕ್ಕರೆಗೆ ಗಿರಾಕಿ ಬರುವ ಹೊತ್ತಿಗೇ ಅಂಗಡಿಗೆ ಬೀಗ ಹಾಕಿ ಮಗಳನ್ನು ಗಾಡಿ ಮೇಲೆ ಬಿಟ್ಟು ಬರುತ್ತೇನೆ. ಸಂಜೆ ಮತ್ತೆ ಅದೇ ಓಡಾಟ. ಪೆಟ್ರೋಲ್ ಖರ್ಚು ಬೇರೆ. ನನಗೆ ಗಾಡಿಯಾದರೂ ಇದೆ. ಅವಳ ಜೊತೆ ಎಂಟನೇ ಪಾಸಾದ ಹುಡುಗಿಯರಲ್ಲಿ ಜಾಸ್ತಿ ಮಂದಿ ಈಗ ಹತ್ತಿ ಬಿಡಿಸಲು ಹೋಗುತ್ತಾರೆ. ಕೆಲವರಿಗೆ ಗಂಡೂ ಗೊತ್ತಾಗಿದೆ. ಹದಿನೆಂಟು ತುಂಬಿಲ್ಲ ಅಂತ ಊರಿಗೆಲ್ಲ ಗೊತ್ತು.

ಹೀಗೇ ಶಾಲೆ ಬಿಟ್ಟು ಮದುವೆಯಾದ ಹುಡುಗಿಯೊಬ್ಬಳು ನಮ್ಮ ಓಣಿಯಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಕೂಸಿಗೆ ಭೇದಿ ಹತ್ತಿತು. ನೀರು ಕುಡಿಸಿದರೆ ಇನ್ನೂ ಜಾಸ್ತಿಯಾಗುತ್ತೆ ಅಂದರು ಮನೆಯ ಹಿರಿಯರು. ಅವಳು ಕುಡಿಸಲಿಲ್ಲ. ಹಿರಿಯರಿಗೆ ಎದುರು ಮಾತಾಡುವ ವಯಸ್ಸೇ ಅವಳದು? ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸಲಿ ಅಂತ ಆಶಾ ಕಾರ್ಯಕರ್ತೆ ಕೊಟ್ಟಿದ್ದ ಓಆರ್‌ಎಸ್ ಪಾಕೀಟು ಗೋಡೆಯ ಗೂಡಿನಲ್ಲಿ ಒಡೆಯದೆ ಹಾಗೇ ಇತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. "ಇಷ್ಟೂ ಗೊತ್ತಾಗಲ್ವಾ ನಿನಗೆ?" ಅಂತ ಅಲ್ಲಿ ಎಲ್ಲರೆದುರು ಬೈದರು. ಯಾರು ಹೇಳಿಕೊಡಬೇಕಿತ್ತು ಸ್ವಾಮಿ?

ಆಮೇಲೆ ಹೈಸ್ಕೂಲು ಕೇಳೋಕೆ ಹೋದರೆ ನಿಮ್ಮ ಕಡೆಯವರೊಬ್ಬರು, "ಹೆಣ್ಣುಮಕ್ಕಳು ಹತ್ತನೇ ಓದಿ ಏನು ಮಾಡ್ತಾರೆ? ಆಸ್ಪತ್ರೆ ಬೇಕಾದ್ರೆ ಕೇಳಿ" ಅಂದರು. ಭಾಳ ದೊಡ್ಡ ಮನಸ್ಸು!

ಏನು ಮಾಡ್ತಾರೆ ಅಂದರೆ, ಮಕ್ಕಳನ್ನು ಉಳಿಸಿಕೊಳ್ಳುತ್ತಾರೆ. 175 ದೇಶಗಳ ಲೆಕ್ಕ ತೆಗೆದ ಒಂದು ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 1970ರಿಂದ 2009ರವರೆಗೆ ಐದು ವರ್ಷದೊಳಗಿನ ಮಕ್ಕಳ ಸಾವು ಇಳಿದಿದ್ದರಲ್ಲಿ ಅರ್ಧದಷ್ಟು ಹೆಂಗಸರ ಓದಿನಿಂದ ಆದದ್ದು ಅಂತ ಅದರ ಅಂದಾಜು. ಶ್ರೀಲಂಕಾ ನೋಡಿ. ಯುದ್ಧ ಕಂಡ ದೇಶ, 2022ರಲ್ಲಿ ಸಾಲ ತೀರಿಸಲಾಗದೆ ಕೈ ಚೆಲ್ಲಿದ ದೇಶ. ಆದರೂ 1945ರಲ್ಲೇ ಓದನ್ನು ಪುಕ್ಕಟೆ ಮಾಡಿತ್ತು. ಸಾವಿರ ಕೂಸು ಹುಟ್ಟಿದರೆ ಅಲ್ಲಿ ವರ್ಷದೊಳಗೆ ಸಾಯೋದು ಆರೇಳು. ನಮ್ಮ ದೇಶದಲ್ಲಿ 2020ರ ಲೆಕ್ಕಕ್ಕೆ 28. ಅಷ್ಟು ದೂರ ಯಾಕೆ, ಅದೇ ವರ್ಷ ಕೇರಳದಲ್ಲಿ 6, ಕರ್ನಾಟಕದಲ್ಲಿ 19. ಆಸ್ಪತ್ರೆ ಬೇಡ ಅನ್ನುತ್ತಿಲ್ಲ, ಅದೂ ಬೇಕು. ಆದರೆ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೊರಡುವ ತಾಯಿಯೂ ಬೇಕಲ್ವಾ?

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88 ದಾಟಿತ್ತು. ನಮ್ಮ ಜಿಲ್ಲೆಯದು 52ರ ಹತ್ತಿರ, ಇಡೀ ರಾಜ್ಯಕ್ಕೇ ಕೊನೆ. ಹೆಣ್ಣುಮಕ್ಕಳದು ಅರ್ಧವನ್ನೂ ಮುಟ್ಟಿರಲಿಲ್ಲ. ಹಿಂದುಳಿದ ನಮ್ಮ ಭಾಗಕ್ಕೆ ಅಂತ ಸಂವಿಧಾನದಲ್ಲಿ 371ಜೆ ಬಂತು, ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು. ನಮ್ಮೂರಿಗೆ ಒಂಬತ್ತನೇ ತರಗತಿ ಮಾತ್ರ ಬರಲಿಲ್ಲ.

ಹೊಸ ಕಟ್ಟಡ ಬೇಡ. ಶಾಲೆಯಲ್ಲಿ ಎರಡು ಕೋಣೆ ಖಾಲಿ ಬಿದ್ದಿವೆ. ಅಡಿಗಲ್ಲು ಹಾಕೋಕೆ ನೀವು ಬರುವ ತೊಂದರೆಯೂ ಇಲ್ಲ. ಈ ಜೂನಿಗೆ ಒಂಬತ್ತನೇ ತರಗತಿ ಶುರು ಮಾಡಿಸಿ, ಮುಂದಿನ ಜೂನಿಗೆ ಹತ್ತನೇದು. ಮೇಷ್ಟ್ರುಗಳನ್ನು ಕಳಿಸಿ. ಅಲ್ಲಿವರೆಗೆ ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು ಬಿಡಿಸಿ. ಆಗೋದಿಲ್ಲ ಅಂದರೆ ಯಾಕೆ ಆಗೋದಿಲ್ಲ ಅಂತ ಬರೆದು ಸಹಿ ಹಾಕಿ ಕೊಡಿ, ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ