ಸಂಜೆ ಟ್ರಿಪ್ಪಿಗೂ ದನಿ ಉಳಿದಿದೆ

ಎಲ್ಲರಿಗೂ ನಮಸ್ಕಾರ. ನಾನು ಬಸ್ ಕಂಡಕ್ಟರ್. ಹಾಸನ, ಬೇಲೂರು, ಚಿಕ್ಕಮಗಳೂರು ನಡುವೆ ಓಡಾಡುವ ಕೆಲವರಿಗಾದರೂ ನನ್ನ ಮುಖ ಗೊತ್ತಿರುತ್ತದೆ. ಎಡಗಣ್ಣು ಅರ್ಧ ಮುಚ್ಚಿಕೊಂಡೇ ಟಿಕೆಟ್ ಕೊಡುತ್ತಿದ್ದಳಲ್ಲ, ಅದೇ ಕಂಡಕ್ಟರಮ್ಮ. ಎದೆಯೊಳಗಿನ ಒಂದು ಗ್ರಂಥಿ ತೆಗೆಸಿಕೊಂಡು ಈ ತಿಂಗಳಿಗೆ ಎರಡು ವರ್ಷ ತುಂಬಿತು. ಹೋದ ವಾರ ಬೆಂಗಳೂರಿನ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಪೂರ್ತಿ ನಿಲ್ಲಿಸಿದರು. ಅವತ್ತಿನಿಂದ ಯಾರ್ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಲೆಕ್ಕ ಹಾಕುತ್ತಿದ್ದೇನೆ. ಪಟ್ಟಿ ಸ್ವಲ್ಪ ವಿಚಿತ್ರವಾಗಿದೆ. ಅದರಲ್ಲಿ ನಮ್ಮತ್ತೆ ಇದ್ದಾರೆ, ಡ್ರೈವರಣ್ಣ ಇದ್ದಾರೆ, ಕೆಲವು ಮೊಲಗಳಿವೆ, ಒಂದು ಹಾವೂ ಇದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಬಸ್ ಫ್ರೀ. ಆ ದಿನಗಳ ರಷ್ ನೆನಪಿದೆಯಲ್ವಾ? ಬಾಗಿಲಲ್ಲಿ ನೇತಾಡುವಷ್ಟು ಜನ. ಒಬ್ಬೊಬ್ಬರ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಡಬೇಕು. ಆಗಲೇ ನನಗೆ ಟಿಕೆಟ್ ಮೆಷಿನ್ ಎರಡೆರಡು ಕಾಣಲು ಶುರುವಾಗಿದ್ದು. ಸುಸ್ತು ಅಂದುಕೊಂಡೆ. ಬೆಳಗಿನ ಟ್ರಿಪ್ಪಿನಲ್ಲಿ ಏನೂ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಭಾರ. ಸಂಜೆಗೆ ‘ರೈಟ್ ರೈಟ್’ ಅಂದರೆ ಮೂಗಿನಲ್ಲಿ ಏನೋ ಗುನುಗಿದ ಹಾಗೆ ಕೇಳಿಸುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. ಹಾಸನದವಳಿಗೆ ಮುದ್ದೆ ನುಂಗಲಾಗುತ್ತಿಲ್ಲ ಅಂದರೆ ನಮ್ಮನೆಯಲ್ಲಿ ಯಾರೂ ನಂಬಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ರಕ್ತ ಕಡಿಮೆ ಅಂತ ಎರಡು ತಿಂಗಳು ಟಾನಿಕ್ ಕುಡಿಸಿದರು.

ಒಂದು ಸಂಜೆ ಚಿಕ್ಕಮಗಳೂರಿನಿಂದ ವಾಪಸ್ ಬರುವಾಗ ಪ್ಯಾಸೆಂಜರ್ ಒಬ್ಬರು ಜೋರಾಗಿಯೇ ಹೇಳಿದರು, “ಈ ಯಮ್ಮ ಕುಡಿದಿದ್ದಾಳೆ ಕಣ್ರೀ, ಮಾತು ನೋಡಿ.” ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ‘ಇಲ್ಲ’ ಅನ್ನಲು ಹೋದೆ. ಅದೂ ತೊದಲಿತು. ಬೇಲೂರಿನಲ್ಲಿ ಚೆಕಿಂಗ್‌ನವರು ಹತ್ತಿದರು. ಅವರ ಕಿವಿಗೂ ದೂರು ಬಿತ್ತು. ಅವರಲ್ಲಿ ಹಿರಿಯರೊಬ್ಬರು ಹತ್ತಿರ ಬಂದು ನಿಂತು, ನನ್ನ ಮುಖವನ್ನೇ ನೋಡಿ, ಮೆಲ್ಲಗೆ ಅಂದರು, “ಏನಮ್ಮ, ಒಂದು ಕಣ್ಣು ಬಿದ್ದೇಹೋಗಿದೆಯಲ್ಲ. ಇದು ಕುಡಿದಿದ್ದಲ್ಲ. ನಾಳೆ ರಜೆ ಹಾಕಿ ಕಣ್ಣಿನ ಡಾಕ್ಟರಿಗೆ ತೋರಿಸು.” ಸರ್, ನಿಮ್ಮ ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಇಷ್ಟವಾಗಲ್ಲ ಅಂತ ಗೊತ್ತು. ಮೊದಲ ಥ್ಯಾಂಕ್ಸ್ ನಿಮಗೇ.

ಕಣ್ಣಿನ ಡಾಕ್ಟರಮ್ಮ ದೊಡ್ಡ ಮೆಷಿನ್ ಏನೂ ಹಾಕಲಿಲ್ಲ. ಮೇಲಿನ ಫ್ಯಾನನ್ನೇ ಒಂದು ನಿಮಿಷ ನೋಡು ಅಂದರು. ನೋಡುತ್ತಾ ನೋಡುತ್ತಾ ರೆಪ್ಪೆ ಅಂಗಡಿ ಶಟರ್ ಹಾಗೆ ಇಳಿಯಿತು. ಆಮೇಲೆ ರಬ್ಬರ್ ಗ್ಲೌಸಿಗೆ ಐಸ್ ತುಂಬಿ ಆ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು! ಕನ್ನಡಿ ಕೊಟ್ಟು ತೋರಿಸಿದರು. ನಾನು ಮಾಟ ಅಂದುಕೊಂಡೆ. ಅವರು ಚೀಟಿಯಲ್ಲಿ ‘ಮಯಸ್ತೇನಿಯಾ ಗ್ರೇವಿಸ್’ ಅಂತ, ಅಂದರೆ ಸ್ನಾಯುಗಳು ಬೇಗ ಸೋಲುವ ಕಾಯಿಲೆ ಅಂತ ಬರೆದು, ಬೆಂಗಳೂರಿಗೆ ಕಳಿಸಿದರು.

ಮಾತ್ರೆ ಶುರುವಾಯಿತು, ಸ್ವಲ್ಪ ಸರಿಹೋಯಿತು. ಆದರೆ ಚಳಿಗಾಲದಲ್ಲಿ ಜ್ವರ, ಕಫ ಬಂದು ಕಾಯಿಲೆ ಒಮ್ಮೆಲೇ ಏರಿತು. ಉಸಿರಾಡಲು ಬೇಕಾದ ಸ್ನಾಯುಗಳೇ ಸೋತವು. ಐಸಿಯುನಲ್ಲಿ ನರ್ಸ್ ಗಂಟೆಗೊಮ್ಮೆ ಬಂದು, “ಒಂದೇ ಉಸಿರಿಗೆ ಎಷ್ಟು ಎಣಿಸ್ತೀರಾ, ಎಣಿಸಿ” ಅನ್ನುತ್ತಿದ್ದರು. ಒಂದೇ ಉಸಿರಿಗೆ ಅರ್ಧ ಬಸ್ಸಿನ ಹೆಡ್‌ಕೌಂಟ್ ಮುಗಿಸುತ್ತಿದ್ದವಳು ನಾನು. 14ಕ್ಕೆ ನಿಂತುಬಿಟ್ಟೆ. ಅವರ ಮುಖ ಗಂಭೀರವಾಯಿತು.

ಆಮೇಲೆ ಐದು ದಿನ ಕೈಗೆ ಬಾಟಲಿ ಹಾಕಿದರು. ಇಮ್ಯುನೊಗ್ಲಾಬ್ಯುಲಿನ್ ಅಂತ ಅದರ ಹೆಸರು. ಬೇರೆಯವರ ರಕ್ತದಿಂದ ಬೇರ್ಪಡಿಸಿದ ಆಂಟಿಬಾಡಿಗಳು, ಅಂದರೆ ರೋಗಾಣುಗಳಿಗೆ ಅಂಟಿಕೊಳ್ಳಲು ಮೈ ಮಾಡುವ ಪ್ರೋಟೀನುಗಳು. ತುಂಬಾ ದುಬಾರಿ, ತುಂಬಾ ನಿಧಾನ. ತೊಟ್ಟು ತೊಟ್ಟಾಗಿ ಗಂಟೆಗಟ್ಟಲೆ ಇಳಿಯುತ್ತದೆ. ಆ ಔಷಧಿಯ ಒಂದೊಂದು ಬ್ಯಾಚಿಗೂ ಕಡಿಮೆ ಅಂದರೆ ಸಾವಿರ ಜನರ ಪ್ಲಾಸ್ಮಾ ಸೇರಿರುತ್ತದಂತೆ. ಸಾವಿರ ಜನ ಅಂದರೆ ನನ್ನ ಬಸ್ಸು ಸುಮಾರು ಇಪ್ಪತ್ತು ಸಲ ಫುಲ್ ಆದ ಹಾಗೆ. ಅವರಲ್ಲಿ ಯಾರೂ ನನಗೆ ಗೊತ್ತಿಲ್ಲ, ಅವರಿಗೆ ನಾನು ಗೊತ್ತಿಲ್ಲ. ನಾನು ಹತ್ತಿಸಿಕೊಂಡ ಎಲ್ಲ ಪ್ಯಾಸೆಂಜರ್‌ಗಳಲ್ಲಿ ನಿಮ್ಮ ಉಪಕಾರವೇ ದೊಡ್ಡದು. ನಿಮಗೆಲ್ಲ ಕೈಮುಗಿದೆ.

ಆ ಬಾಟಲಿ ಇಳಿಯುವ ಹೊತ್ತಿನಲ್ಲಿ ನನ್ನ ಪಕ್ಕ ಕೂತಿದ್ದವಳು ನನ್ನ ಚಿಕ್ಕಪ್ಪನ ಮಗಳು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್‌ಸಿ. ಓದುತ್ತಿದ್ದಳು. ಪರೀಕ್ಷೆ ಬಿಟ್ಟು ಬಂದಿದ್ದಳು ಅಂತ ಆಮೇಲೆ ಗೊತ್ತಾಗಿ ಬೈದೆ. ನನಗೆ ಏನಾಗಿದೆ ಅಂತ ಮೊದಲು ಅರ್ಥವಾಗಿದ್ದು ಅವಳ ಬಾಯಿಂದಲೇ.

“ಅಕ್ಕಾ, ಫ್ರೀ ಟಿಕೆಟ್ ಯಾರಿಗೆ ಕೊಡ್ತೀಯ?”

“ನಮ್ಮ ರಾಜ್ಯದ ಹೆಂಗಸರಿಗೆ.”

“ನಮ್ಮವರು ಅಂತ ಹೇಗೆ ಗೊತ್ತಾಗುತ್ತೆ?”

“ಕಾರ್ಡ್ ನೋಡ್ತೀನಿ.”

“ಮೈಯೊಳಗೂ ಅದೇ ಕೆಲಸ ನಡೀತಿದೆ.”

ಮೈಯ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳೂ ತಮ್ಮೊಳಗೆ ಏನಿದೆ ಅನ್ನುವುದರ ಚೂರನ್ನು ಕಾರ್ಡ್ ಹಿಡಿದ ಹಾಗೆ ಹೊರಗೆ ಹಿಡಿದಿರುತ್ತವಂತೆ. ಟಿ ಕಣಗಳು ಅನ್ನುವ ಬಿಳಿ ರಕ್ತಕಣಗಳು ಬಂದು ಓದುತ್ತವೆ. ವೈರಸ್ಸಿನ ಚೂರು ಕಂಡರೆ ಗಲಾಟೆ ಎಬ್ಬಿಸುತ್ತವೆ, ನಮ್ಮದೇ ಚೂರಾದರೆ ಸುಮ್ನೆ ಮುಂದೆ ಹೋಗುತ್ತವೆ. ಎಡವಟ್ಟು ಏನಪ್ಪಾ ಅಂದರೆ, ನಾಳೆ ಯಾವ ರೋಗ ಬರುತ್ತದೋ ಮೈಗೆ ಮೊದಲೇ ಗೊತ್ತಿಲ್ಲ. ಅದಕ್ಕೇ ಕಣ್ಣುಮುಚ್ಚಿ ಅಕ್ಷರ ಜೋಡಿಸಿದ ಹಾಗೆ ಕೋಟಿ ಕೋಟಿ ಬಗೆಯ ಟಿ ಕಣ ಮಾಡಿಬಿಡುತ್ತದೆ. ಯಾವುದಾದರೂ ಒಂದು ಯಾವುದಾದರೂ ರೋಗಕ್ಕೆ ತಾಳೆ ಬೀಳಲಿ ಅಂತ. ಹಾಗೆ ಮಾಡಿದಾಗ ಕೆಲವು ನಮ್ಮದೇ ಮೈಗೂ ತಾಳೆ ಬೀಳುತ್ತವೆ. ಅದು ತಪ್ಪಿದ್ದಲ್ಲ. ಅಂದರೆ ನನ್ನೊಬ್ಬಳಲ್ಲೇ ಅಲ್ಲ, ಇದನ್ನು ಓದುತ್ತಿರುವ ನಿಮ್ಮ ಮೈಯಲ್ಲೂ ಅಂಥವು ಹುಟ್ಟುತ್ತಲೇ ಇರುತ್ತವೆ.

ಅವನ್ನು ಆರಿಸಿ ತೆಗೆಯುವ ಜಾಗವೇ ಥೈಮಸ್. ಎದೆಮೂಳೆಯ ಹಿಂದೆ, ಹೃದಯದ ಮುಂದೆ ಇರುವ ಗ್ರಂಥಿ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದ ಹಾಗೆ ಕರಗಿ ಕೊಬ್ಬಾಗುತ್ತದೆ. 1961ರಲ್ಲಿ ಜಾಕ್ ಮಿಲ್ಲರ್ ಅನ್ನುವವರು ಲಂಡನ್ನಿನಲ್ಲಿ ಇಲಿಮರಿಗಳಿಂದ ಅದನ್ನು ತೆಗೆದು ನೋಡುವವರೆಗೆ, ಅದಕ್ಕೆ ದೊಡ್ಡ ಕೆಲಸ ಏನೂ ಇಲ್ಲ ಅಂತಲೇ ಹೆಚ್ಚಿನವರು ತಿಳಿದಿದ್ದರು. ಅಲ್ಲಿ ಎರಡು ಪರೀಕ್ಷೆ. ಕಾರ್ಡನ್ನೇ ಓದಲು ಬಾರದ ಕಣಕ್ಕೆ ಕೆಲಸವಿಲ್ಲ, ಅದು ಸಾಯುತ್ತದೆ. ನಮ್ಮದೇ ಕಾರ್ಡ್ ಕಂಡರೆ ಕೊರಳಪಟ್ಟಿ ಹಿಡಿಯುವ ಕಣವೂ ಸಾಯಬೇಕು. ನೂರು ಒಳಗೆ ಹೋದರೆ ಐದು ಹೊರಗೆ ಬಂದರೆ ಹೆಚ್ಚು. ನಮ್ಮ ಟ್ರೈನಿಂಗ್ ಇಷ್ಟು ಬಿಗಿಯಾಗಿದ್ದಿದ್ದರೆ ಊರಿಗೆ ಬಸ್ಸೇ ಬರುತ್ತಿರಲಿಲ್ಲ.

ಎದೆಯೊಳಗೆ ಕೂತ ಥೈಮಸ್ಸಿಗೆ ಪ್ಯಾಂಕ್ರಿಯಾಸಿನ ಇನ್ಸುಲಿನ್ ಹೇಗಿರುತ್ತದೆ ಅಂತ ಎಲ್ಲಿಂದ ಗೊತ್ತು? ನಾನು ಇದನ್ನೇ ಕೇಳಿದೆ. ತಂಗಿಗೆ ಖುಷಿಯಾಯಿತು. ಏರ್ ಅನ್ನುವ ಒಂದು ಜೀನ್ ಇದೆ, 1997ರಲ್ಲಿ ಸಿಕ್ಕಿದ್ದು. ಅದು ಮೈಯ ಬೇರೆ ಬೇರೆ ಭಾಗಗಳ ಸಾಮಾನಿನ ಸ್ಯಾಂಪಲ್ಲನ್ನು ಥೈಮಸ್ಸಿನಲ್ಲೇ ತಯಾರಿಸಿ ಕಣಗಳಿಗೆ ತೋರಿಸುತ್ತದೆ. ಆ ಜೀನ್ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಒಂದಾದ ಮೇಲೊಂದು ಗ್ರಂಥಿ ಸ್ವಂತ ಮೈಯ ದಾಳಿಗೇ ಬಲಿಯಾಗುತ್ತದೆ.

ಇಷ್ಟಾದರೂ ಕೆಲವು ಕಣಗಳು ನುಸುಳಿ ಬರುತ್ತವೆ. ಅವಕ್ಕೆ ಹೊರಗೆ ಚೆಕಿಂಗ್ ಸ್ಕ್ವಾಡ್ ಇದೆ. ಬೇರೆ ಟಿ ಕಣಗಳನ್ನು ತಡೆಯುವುದೇ ಕೆಲಸವಾಗಿರುವ ಟಿ ಕಣಗಳು. ಜಪಾನಿನ ಶಿಮೊನ್ ಸಕಾಗುಚಿ ಅವನ್ನು 1995ರಲ್ಲಿ ಗುರುತಿಸಿದರು. ಹೋದ ಅಕ್ಟೋಬರಿನಲ್ಲಿ, ಅಂದರೆ 2025ರಲ್ಲಿ, ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ನೊಬೆಲ್ ಬಂತು. ತಂಗಿ ಫೋನ್ ಮಾಡಿ “ಅಕ್ಕಾ, ನಿನ್ನ ಚೆಕಿಂಗ್‌ನವರಿಗೆ ಪ್ರೈಜ್ ಬಂತು” ಅಂತ ಕಿರುಚಿದಳು. ನಾನು ಡಿಪೋದಲ್ಲಿ ಕ್ಯಾಶ್ ಕಟ್ಟುತ್ತಿದ್ದೆ. ಅಲ್ಲಿದ್ದವರಿಗೆಲ್ಲ ಪೇಡ ಹಂಚಿದೆ. ಯಾಕೆ ಅಂತ ಯಾರಿಗೂ ಅರ್ಥವಾಗಲಿಲ್ಲ.

ನನ್ನ ಕಾಯಿಲೆಯಲ್ಲಿ ಆಗಿದ್ದು ಹೀಗೆ. ನರ ಕಂಡಕ್ಟರ್, ಸ್ನಾಯು ಡ್ರೈವರ್. ನರದ ತುದಿ ಒಂದು ರಸಾಯನ ಬಿಡುತ್ತದೆ, ಅದೇ ಸೀಟಿ. ಸ್ನಾಯುವಿನ ಮೇಲೆ ಅದನ್ನು ಕೇಳಿಸಿಕೊಳ್ಳುವ ಕಿವಿಗಳಿವೆ. ನುಸುಳಿ ಬಂದ ಟಿ ಕಣಗಳ ಕುಮ್ಮಕ್ಕಿನಿಂದ ನನ್ನ ರಕ್ತದಲ್ಲಿ ಆ ಕಿವಿಗಳಿಗೇ ಅಂಟಿಕೊಂಡು ಹಾಳುಮಾಡುವ ಆಂಟಿಬಾಡಿಗಳು ಹುಟ್ಟಿದ್ದವು. ಬೆಳಗ್ಗೆ ಸೀಟಿ ಜೋರಾಗಿರುತ್ತದೆ, ಉಳಿದ ಕಿವಿಗೆ ಕೇಳಿಸುತ್ತದೆ. ಊದಿ ಊದಿ ಸಂಜೆಗೆ ದನಿ ಇಳಿಯುತ್ತದೆ, ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಪಿರಿಡೋಸ್ಟಿಗ್ಮಿನ್ ಮಾತ್ರೆ ಸೀಟಿಯ ಸದ್ದು ಬೇಗ ಆರದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಆ ಮಾತ್ರೆಯ ದಾರಿ ತೋರಿಸಿದ್ದು ಮೇರಿ ವಾಕರ್. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಒಂದು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಾಗಿದ್ದರು. ಈ ಕಾಯಿಲೆ ಬಾಣಕ್ಕೆ ಹಚ್ಚುವ ಕ್ಯುರಾರೆ ವಿಷದ ಹಾಗೇ ಕಾಣುತ್ತದಲ್ಲ, ಆ ವಿಷದ ಮದ್ದನ್ನೇ ಕೊಟ್ಟು ನೋಡೋಣ ಅಂತ ಹೊಳೆದಿದ್ದು ಅವರಿಗೆ. ಬಿದ್ದ ರೆಪ್ಪೆ ಎದ್ದಿತು. ದಿನಕ್ಕೆ ನಾಲ್ಕು ಸಲ ಮಾತ್ರೆ ನುಂಗುವಾಗ ಆಯಮ್ಮನನ್ನು ನೆನೆದಿದ್ದೇನೆ.

ಮೊಲಗಳ ಕಥೆ 1973ರದ್ದು. ಅಮೆರಿಕದಲ್ಲಿ ಇಬ್ಬರು ವಿಜ್ಞಾನಿಗಳು ಕರೆಂಟ್ ಹೊಡೆಯುವ ಈಲ್ ಮೀನಿನಿಂದ ಆ ‘ಕಿವಿ’ಗಳನ್ನು ಬೇರ್ಪಡಿಸಿ ಮೊಲಗಳಿಗೆ ಚುಚ್ಚಿದರು. ಅದರ ಆಂಟಿಬಾಡಿ ಸಿಗಲಿ ಅಂತಷ್ಟೇ ಅವರ ಯೋಚನೆ. ಮೊಲಗಳು ಕುತ್ತಿಗೆ ಎತ್ತಲಾರದೆ ಮಲಗಿಬಿಟ್ಟವು. ಮೀನಿನ ಕಿವಿಗೆ ಹುಟ್ಟಿದ ಆಂಟಿಬಾಡಿ ಮೊಲದ ಕಿವಿಯನ್ನೂ ಹಿಡಿದಿತ್ತು. ನನ್ನಂಥವರಿಗೆ ಏನಾಗಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಆ ಪಾಪದ ಮೊಲಗಳಿಂದ.

ಹಾವು ಬಂದಿದ್ದೂ ಅದೇ ವರ್ಷ. ತೈವಾನ್ ಕಡೆಯ ಕಟ್ಟುಹಾವಿನ ವಿಷದ ಒಂದು ಅಂಶ ಸ್ನಾಯುವಿನ ಆ ಕಿವಿಗೆ ಗಟ್ಟಿಯಾಗಿ ಅಂಟುತ್ತದೆ. ಅದನ್ನು ಹಚ್ಚಿ ಎಣಿಸಿದಾಗ ಈ ರೋಗಿಗಳಲ್ಲಿ ಕಿವಿಗಳು ತೀರಾ ಕಡಿಮೆ ಇರುವುದು ಕಂಡಿತು. ಇದನ್ನು ಕೇಳಿ ನನ್ನ ಮೈ ಜುಂ ಅಂದಿತು. ಯಾಕಂದರೆ ನನ್ನ ಮುಖ ನೋಡಿದ ನಮ್ಮಜ್ಜಿ ಮೊದಲ ದಿನವೇ ಅಂದಿದ್ದರು, “ಕಟ್ಟುಹಾವು ಕಚ್ಚಿದೋರ ಕಣ್ಣು ಹಿಂಗೇ ಬೀಳ್ತದೆ ಕಣೆ.” ಊರವರು ಅದನ್ನೇ ನಾಗದೋಷ ಮಾಡಿ ಪೂಜೆಗೆ ದುಡ್ಡು ಕೇಳಿದರು, ಆ ಮಾತು ಬೇರೆ. ಅಜ್ಜಿ ಕಂಡಿದ್ದು ಸರಿಯಾಗೇ ಇತ್ತು.

ಇನ್ನು ಆಪರೇಷನ್. ಸ್ಕ್ಯಾನ್‌ನಲ್ಲಿ ನನ್ನ ಥೈಮಸ್ ದಪ್ಪವಾಗಿತ್ತು. ಗಡ್ಡೆ ಇರಲಿಲ್ಲ, ಸದ್ಯ. ತೆಗೆಸೋಣ ಅಂದರು. ನಾನು ತಂಗಿಯ ಮೇಲೆ ರೇಗಿದೆ. “ಹುಟ್ಟಿ ಮೂರು ದಿನಕ್ಕೆ ಇಲಿಮರಿಯ ಥೈಮಸ್ ತೆಗೆದರೆ ಅದರ ಮೈ ಅದನ್ನೇ ತಿನ್ನುತ್ತೆ, ಸಕಾಗುಚಿ ಅಲ್ಲಿಂದಲೇ ಶುರುಮಾಡಿದ್ದು ಅಂತ ನೀನೇ ಹೇಳಿದೆ. ಈಗ ನಂದು ತೆಗೆಸು ಅಂತೀಯ!” ಅವಳು ನಕ್ಕಳು. ಇಲಿಮರಿಯಲ್ಲಿ ಚೆಕಿಂಗ್‌ನವರು ಇನ್ನೂ ಡ್ಯೂಟಿಗೆ ಹೊರಟೇ ಇರಲಿಲ್ಲ. ನಿನ್ನ ವಯಸ್ಸಿಗೆ ಅವರೆಲ್ಲ ಮೈತುಂಬ ಸೇರಿಯಾಗಿದೆ. ನಿನ್ನ ಥೈಮಸ್ಸಿನಲ್ಲಿ ಪಾಠ ನಡೆಯುತ್ತಿಲ್ಲ, ಆ ಕೆಟ್ಟ ಆಂಟಿಬಾಡಿ ಮಾಡುವ ಕಣಗಳೇ ಅಲ್ಲಿ ಠಿಕಾಣಿ ಹೂಡಿವೆ ಅಂದಳು. ಥೈಮಸ್ಸಿನಲ್ಲಿ ಸ್ನಾಯುವಿನಂಥ ಕೆಲವು ಕಣಗಳಿರುತ್ತವೆ, ಅವುಗಳ ಮೇಲೂ ಆ ಕಿವಿ ಇರುತ್ತದೆ. ಜಗಳ ಅಲ್ಲೇ ಹೊತ್ತಿಕೊಳ್ಳುತ್ತದೆ ಅಂತ ತುಂಬಾ ಜನ ನಂಬುತ್ತಾರೆ. 2016ರಲ್ಲಿ ಬಂದ ಒಂದು ಅಧ್ಯಯನವನ್ನು ಡಾಕ್ಟರು ತೋರಿಸಿದರು. 126 ರೋಗಿಗಳು. ಸ್ಟೀರಾಯ್ಡ್ ಜೊತೆ ಆಪರೇಷನ್ನೂ ಆದವರು, ಬರೀ ಸ್ಟೀರಾಯ್ಡ್ ತೆಗೆದುಕೊಂಡವರಿಗಿಂತ ಚೆನ್ನಾಗಿದ್ದರು. ನಾನು ಸೈನ್ ಹಾಕಿದೆ.

ಏನು ತಿಂದೆ, ಯಾಕೆ ಬಂತು ಅಂತ ಕೇಳುವವರಿಗೆ ಒಂದು ಮಾತು. ಜೀನ್‌ಗಳದ್ದು ಸ್ವಲ್ಪ ಪಾಲಿದೆ, ಆದರೆ ಅಷ್ಟೇ ಅಲ್ಲ. ತದ್ರೂಪಿ ಅವಳಿಗಳಲ್ಲೂ ಎಷ್ಟೋ ಸಲ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರುವುದಿಲ್ಲ. ಬದನೆಕಾಯಿಯಿಂದ ಬರುವುದಿಲ್ಲ. ‘ಇಮ್ಯುನಿಟಿ ಜಾಸ್ತಿ ಮಾಡುತ್ತೆ’ ಅಂತ ಕಷಾಯದ ಪುಡಿ ತಂದುಕೊಟ್ಟ ನೆಂಟರಿಗೂ ಥ್ಯಾಂಕ್ಸ್, ಆದರೆ ನನಗೆ ಜಾಸ್ತಿಯಾಗಿದ್ದೇ ಅದು!

ನಮ್ಮತ್ತೆಯ ಬಗ್ಗೆ ಬರೆಯಲು ಕೂತರೆ ಕೈ ನಿಲ್ಲುತ್ತದೆ. ನನಗೆ ತಲೆ ಬಾಚಿಕೊಳ್ಳಲು ತೋಳು ಎತ್ತಲಾಗುತ್ತಿರಲಿಲ್ಲ. ಎಂಟು ತಿಂಗಳು ದಿನಾ ಬೆಳಗ್ಗೆ ನನ್ನನ್ನು ಹೊಸಿಲ ಬಳಿ ಕೂರಿಸಿಕೊಂಡು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿದರು. ಮದುವೆಯಾದ ಹೊಸದರಲ್ಲಿ ಈ ಡ್ಯೂಟಿ ಬಿಡು ಅಂತ ಜಗಳವಾಡಿದವರೂ ಅವರೇ. ಮುದ್ದೆಯನ್ನು ಸಾರಿನಲ್ಲಿ ಗಂಜಿಯ ಹಾಗೆ ಕದಡಿ ಕೊಡುತ್ತಿದ್ದರು. ಸ್ಟೀರಾಯ್ಡಿನಿಂದ ಮುಖ ಊದಿಕೊಂಡಾಗ ಕನ್ನಡಿಯನ್ನು ಬೀರುವಿನೊಳಗೆ ಇಟ್ಟುಬಿಟ್ಟಿದ್ದರು. ಒಂದು ಮಾತೂ ಆಡಲಿಲ್ಲ.

ಮನೆಯವರಿಗೆ, ನನ್ನ ರಜೆಯಲ್ಲಿ ನನ್ನ ಪಾಲಿನ ಡ್ಯೂಟಿ ಹಂಚಿಕೊಂಡು ಮಾಡಿದ ಜೊತೆಯವರಿಗೆ, ಲೈಟ್ ಡ್ಯೂಟಿ ಕೊಡಿಸಿದ ಮೇಲಿನವರಿಗೆ, ಎಣಿಸು ಎಣಿಸು ಅಂತ ಪೀಡಿಸಿದ ನರ್ಸ್‌ಗಳಿಗೆ, ಎಲ್ಲರಿಗೂ. ಡ್ರೈವರಣ್ಣನಿಗೆ ಬೇರೆಯೇ ಹೇಳಬೇಕು. ನನ್ನ ದನಿ ಹೋದ ದಿನಗಳಲ್ಲಿ ಸ್ಟಾಪಿನ ಹೆಸರನ್ನು ತಾವೇ ಸೀಟಿನಿಂದ ಕೂಗುತ್ತಿದ್ದರು. ಯಾರಾದರೂ ಕೇಳಿದರೆ “ನಂಗೂ ಕೂಗೋ ಚಪಲ” ಅನ್ನುತ್ತಿದ್ದರು.

ನಿನ್ನೆ ಸಂಜೆ ಟ್ರಿಪ್ಪು ಬೇಲೂರು ಬಿಟ್ಟಾಗ ಆರೂವರೆ. ಬಸ್ಸು ಫುಲ್. ಟಿಕೆಟ್ ಮುಗಿಸಿ ಮುಂದಿನ ಬಾಗಿಲ ಹತ್ತಿರ ಬಂದು ನಿಂತೆ. “ಹಗರೆ, ಹಗರೆ! ಇಳಿಯೋರು ಮುಂದೆ ಬನ್ನಿ!” ಮೂರನೇ ಸೀಟಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಡಿಲಲ್ಲಿ ಮಲಗಿದ್ದ ಮಗುವಿನ ಕಿವಿ ಮುಚ್ಚಿ ನನ್ನ ಕಡೆ ಕಣ್ಣು ಕೆಂಪಗೆ ಮಾಡಿದರು. “ಎಷ್ಟು ಗಂಟಲು ನಿಂದು! ಮೆಲ್ಲಗೆ ಕೂಗಕ್ಕಾಗಲ್ವಾ?”

ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ಜೋರಾಗಿ ನಕ್ಕರು.