ಪದದ ಜೊತೆ ವಾಕ್ಯವೂ ಇರಲಿ

ಮಾನ್ಯ ಸಂಪಾದಕರೇ,

ದಿನಕ್ಕೈದು ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಕೊಡುವ ನಿಮ್ಮ ಅಂಕಣವನ್ನು ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ತಪ್ಪದೆ ಓದುತ್ತೇನೆ. ಆದರೆ ಬರಿಯ ಅರ್ಥದಿಂದ ಪದ ಬಳಕೆಗೆ ಒದಗುವುದಿಲ್ಲವೆಂಬುದು ನನ್ನ ಅನುಭವ. ‘ಬಾರೋ’ ಮತ್ತು ‘ಲೆಂಡ್’ ಎರಡಕ್ಕೂ ಸಾಲವೆಂದಷ್ಟೇ ಬರೆದುಕೊಂಡಿದ್ದ ನಾನು, ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಧಿಕಾರಿಯನ್ನು ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್’ ಎಂದು ಕೇಳಿ ನಗೆಗೀಡಾಗಿದ್ದೆ. ‘ಕ್ಯಾನ್ ಐ ಬಾರೋ ಯುವರ್ ಪೆನ್’, ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್’ ಎಂಬ ಎರಡು ವಾಕ್ಯಗಳು ಪಕ್ಕಪಕ್ಕದಲ್ಲಿದ್ದಿದ್ದರೆ, ಪಡೆಯುವವರು ಯಾರು, ಕೊಡುವವರು ಯಾರು ಎಂಬುದು ವ್ಯಾಕರಣದ ಗೊಡವೆಯಿಲ್ಲದೆ ತಿಳಿಯುತ್ತಿತ್ತು. ‘ಡಿಸ್ಕಸ್’ ಕೂಡ ಹಾಗೆಯೇ: ಕನ್ನಡದಲ್ಲಿ ನಾವು ವಿಷಯದ ‘ಬಗ್ಗೆ’ ಚರ್ಚಿಸುವುದರಿಂದ, ಬೇಡದ ‘ಅಬೌಟ್’ ಅದರ ಬೆನ್ನಿಗೆ ತಾನಾಗಿ ಬಂದು ಕೂರುತ್ತದೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಯೋಗಗಳನ್ನೂ ಗಾದೆಗಳನ್ನೂ ಕೊಟ್ಟಿರುವುದರಿಂದಲೇ, ನನ್ನ ಮಟ್ಟಿಗೆ, ಇಂದಿಗೂ ಓದಲು ಹಿತವಾಗಿದೆ. ಜಾಗದ ಅಭಾವವಿದ್ದರೆ ಐದರ ಬದಲು ಎರಡೇ ಪದಗಳಿರಲಿ. ಆದರೆ ಪ್ರತಿ ಪದಕ್ಕೂ ದಿನಬಳಕೆಯ ಎರಡು ವಾಕ್ಯಗಳನ್ನು, ಸಾಧ್ಯವಾದರೆ ರೈಲು, ಬ್ಯಾಂಕು, ಹೌಸಿಂಗ್ ಸೊಸೈಟಿಯ ಸಂದರ್ಭದಿಂದ ಆಯ್ದು, ಕೊಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಡೊಂಬಿವಲಿ ಪೂರ್ವ